ಸಿದ್ದಿ ಕವಂದಿಯ ಅಂಚು: ಒಂದು ಚಾರಿತ್ರಿಕ ಟಿಪ್ಪಣಿ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ‘ಕವಂದಿ’ ಎಂಬ ಹೆಸರಿದೆ. ಅನ್ಯತ್ರ ಅಂಚುಪಟ್ಟಿಯನ್ನು ಕೂಡಿಸುವುದು ಕೊನೆಯ ಕೆಲಸವಾದರೆ, ಇಲ್ಲಿ ಹೊಲಿಗೆ ಅಂಚಿನಿಂದಲೇ ಆರಂಭವಾಗುತ್ತದೆ. ಹಳೆಯ ಸೀರೆಯ ಮೇಲೆ ಬಟ್ಟೆಯ ತುಂಡುಗಳನ್ನಿರಿಸಿ, ಅಂಚನ್ನು ಒಳಮಡಿಚಿ, ನಾಲ್ಕೂ ಬದಿ ಸುತ್ತುತ್ತ ಸೂಜಿ ನಡುವಿಗೆ ಸಾಗುತ್ತದೆ. ಮೂಲೆಗಳಲ್ಲಿ ಮಡಿಕೆಯ ‘ಫೂಲ’ಗಳಿಲ್ಲದ ಕವಂದಿ ಬೆತ್ತಲೆ ಎಂಬ ಭಾವನೆ ಅವರಲ್ಲಿದೆ. ಕೂಸಿಗಾಗಿ ಹೊಲಿಯುವ ಪುಟ್ಟ ಕವಂದಿಯಲ್ಲಿ ಈ ಸುತ್ತುಗಳು ಕಿರಿದಾದುದರಿಂದ ಕಲಿಯುವವರಿಗೆ ಇಡೀ ಕ್ರಮ ಒಮ್ಮೆಗೇ ಕಾಣುತ್ತದೆ.

ಪೋರ್ಚುಗೀಸರ ಆಳ್ವಿಕೆಯ ಗೋವೆಗೆ ಗುಲಾಮರಾಗಿ ಬಂದ ಆಫ್ರಿಕನ್ನರು ಸಿದ್ದಿಗಳ ಪೂರ್ವಿಕರಲ್ಲಿ ಸೇರಿದ್ದಾರೆ. ಈ ಸಮುದಾಯ ತಾನೇ ಬರೆದಿಟ್ಟ ದಾಖಲೆಗಳು ವಿರಳವಾಗಿರುವಲ್ಲಿ, ಕೈಯಿಂದ ಕೈಗೆ ದಾಟಿಬಂದ ಅಂಚಿನ ಕ್ರಮವೂ ಚರಿತ್ರೆಯ ಆಕರವೇ. ಮಾರುಕಟ್ಟೆಯ ಅವಸರಕ್ಕೆ ಯಂತ್ರದ ಪಟ್ಟಿ ಹಚ್ಚಿದರೆ ಹೊದಿಕೆ ಉಳಿದೀತು, ಆಕರ ಅಳಿದೀತು.