ಗೋಡೆಯ ಮೇಲಿನಿಂದ ಗೋಡೆಯ ಒಳಕ್ಕೆ: ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಸ್ಪೀಕರ್ ತಂತಿ ಬಂದ ದಾರಿ

ಮನೆಯ ಕೋಣೆಯೊಂದನ್ನು ಸಿನಿಮಾ ನೋಡಲೆಂದೇ ಸಜ್ಜುಗೊಳಿಸುವಾಗ ಸ್ಪೀಕರ್ ತಂತಿಯನ್ನು ಕಣ್ಣಿಗೆ ಬೀಳದಂತೆ ಎಳೆಯುವುದು ವೈರಿಂಗ್ ಕಸುಬಿಗೆ ತೀರ ಈಚೆಗೆ ಸೇರಿದ ಕೆಲಸ. ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ 5.1 ಜೋಡಣೆಯಲ್ಲಿ ಮುಂದಿನ ಮೂರು ಸ್ಪೀಕರುಗಳು ಟಿವಿಯ ಬಳಿಯೇ ಕೂರುತ್ತವೆ. ಅವುಗಳ ತಂತಿ ಗಿಡ್ಡ, ಮೇಜಿನ ಹಿಂದೆ ತಾನಾಗಿ ಮರೆಯಾಗುತ್ತದೆ. ತೊಡಕಿರುವುದು ನೋಡುಗರ ಬೆನ್ನ ಹಿಂದಿನ ಎರಡು ಸ್ಪೀಕರುಗಳದ್ದು. ಅವುಗಳ ತಂತಿ ಆಂಪ್ಲಿಫೈಯರ್‌ನಿಂದ ಹೊರಟು ಬಾಗಿಲು ದಾಟಬೇಕು, ಮೂಲೆ ತಿರುಗಬೇಕು, ಕೋಣೆಯ ಉದ್ದಕ್ಕೂ ಹಾಯಬೇಕು. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಡೆ ಈ ಕೆಲಸ ಮಾಡುವವರು ಬಳಸುವ ವಿದ್ಯೆ ಮಾತ್ರ ಹೊಸದಲ್ಲ. ಅದು ಮನೆ ವೈರಿಂಗಿನಿಂದ, ಟೆಂಟ್ ಸಿನಿಮಾದಿಂದ, ಮೈಕ್ ಸೆಟ್ಟಿನಿಂದ ಕೂಡಿಬಂದದ್ದು. ಆ ಮೂರು ಕಸುಬುಗಳ ಚರಿತ್ರೆ ತಿಳಿಯದೆ ಇಂದಿನ ಕೆಲಸದ ಸರಿತಪ್ಪು ತಿಳಿಯುವುದಿಲ್ಲ.

ಈ ಸೀಮೆಯ ಅಂಚಿನಲ್ಲೇ ದಕ್ಷಿಣ ಭಾರತದ ವಿದ್ಯುತ್ತಿನ ದೊಡ್ಡ ಅಧ್ಯಾಯವೊಂದು ಶುರುವಾಯಿತು. ಕಾವೇರಿ ಎರಡಾಗಿ ಧುಮುಕುವ ಶಿವನಸಮುದ್ರದಲ್ಲಿ 1902ರಲ್ಲಿ ಮೈಸೂರು ಸಂಸ್ಥಾನದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಅಲ್ಲಿನ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಸಾಲುಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಜಲಪಾತದ ನೆರೆಯ ಹಳ್ಳಿಗಳು ಮಾತ್ರ ಮತ್ತೆಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯನ್ನೇ ನೆಚ್ಚಿಕೊಂಡಿದ್ದವು. ಹೊಳೆಯ ಈಚೆಯ ಕೊಳ್ಳೇಗಾಲವಂತೂ 1956ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. 1957ರಲ್ಲಿ ವಿದ್ಯುತ್ ಮಂಡಳಿ ರಚನೆಯಾದ ಮೇಲೆ ಊರೂರಿಗೆ ಕಂಬ ನೆಡುವ ಕೆಲಸ ಬಿರುಸಾಯಿತು. ಬಡವರ ಮನೆಗೆ ದೀಪದ ಸಂಪರ್ಕ ಕೊಡುವ ಭಾಗ್ಯಜ್ಯೋತಿ ಯೋಜನೆ ಬಂದದ್ದು ಅದಕ್ಕೂ ಎಷ್ಟೋ ಕಾಲದ ಬಳಿಕ. ನೂರಾರು ಹಟ್ಟಿಗಳು ಒಳಗೆ ವಿದ್ಯುತ್ ತಂತಿಯನ್ನು ಕಂಡದ್ದು ಆಗಲೇ.

ಕರೆಂಟು ಬಂದ ಮನೆಯಲ್ಲಿ ತಂತಿಯನ್ನು ಯಾರೂ ಅಡಗಿಸುತ್ತಿರಲಿಲ್ಲ. ಅದು ಮನೆಗೆ ಬಂದ ಏಳಿಗೆಯ ಗುರುತು. ಪಡಸಾಲೆಯ ಗೋಡೆಯ ಮೇಲೆ ನೇರವಾಗಿ, ಎದ್ದು ಕಾಣುವಂತೆ ಓಡುತ್ತಿತ್ತು. ಅನುಕೂಲಸ್ಥರ ತೊಟ್ಟಿಮನೆಗಳಲ್ಲಿ ತೇಗದ ಕೇಸಿಂಗ್ ಹಾಕಿಸುತ್ತಿದ್ದರು. ಎರಡು ಗಾಡಿ (ತೋಡು) ಕೊರೆದ ಮರದ ಪಟ್ಟಿಯಲ್ಲಿ ತಂತಿಯನ್ನು ಒಂದೊಂದಾಗಿ ಕೂರಿಸಿ, ಮೇಲೆ ತೆಳು ಹಲಗೆಯ ಮುಚ್ಚಳವನ್ನು ಸ್ಕ್ರೂ ಹಾಕಿ ಬಿಗಿಯುವ ವಿಧಾನ ಅದು. ಉಳಿದ ಮನೆಗಳಲ್ಲಿ ಬ್ಯಾಟನ್ ವೈರಿಂಗ್: ಸಪೂರ ರೀಪಿನ ಮೇಲೆ ರಬ್ಬರ್ ಹೊದಿಕೆಯ ತಂತಿ, ಅದನ್ನು ಹಿಡಿದಿಡಲು ಗೇಣಿಗಿಂತ ಕಡಿಮೆ ಅಂತರದಲ್ಲಿ ಲೋಹದ ಕ್ಲಿಪ್ಪು, ಸ್ವಿಚ್ಚು ಬರುವೆಡೆ ದುಂಡು ಮರದ ಬ್ಲಾಕು. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗ ರೀಪಿಗೂ ತಂತಿಗೂ ಒಂದು ಕೈ ಬೀಳುತ್ತಿತ್ತು. ವರ್ಷ ಕಳೆದಂತೆ ತಂತಿ ಗೋಡೆಯ ಬಣ್ಣಕ್ಕೇ ತಿರುಗುತ್ತಿತ್ತು. ತಂತಿ ಮರೆಯಾಗುವುದಕ್ಕೆ ಇಲ್ಲಿ ಸಿಕ್ಕ ಮೊದಲ ಉಪಾಯ ಇದು ಎನ್ನಬಹುದು, ಯಾರೂ ಬೇಕೆಂದು ಮಾಡಿದ್ದಲ್ಲದಿದ್ದರೂ.

ತಂತಿಯನ್ನು ಹೊರಗೇ ಬಿಟ್ಟದ್ದಕ್ಕೆ ಇನ್ನೂ ಗಟ್ಟಿಯಾದ ಕಾರಣ ಗೋಡೆಯಲ್ಲಿತ್ತು. ಈ ಭಾಗದ ಹಳೆಯ ಮನೆಗಳ ಗೋಡೆ ಹೆಚ್ಚಾಗಿ ಮಣ್ಣಿನದು. ಒಂದೂವರೆ ಎರಡು ಅಡಿ ದಪ್ಪ, ಹದಗೊಳಿಸಿದ ಮಣ್ಣನ್ನು ಪದರದ ಮೇಲೆ ಪದರವಾಗಿ ಏರಿಸಿ ಒಣಗಿಸಿದ್ದು. ಜಂತೆ, ತೊಲೆ, ನಾಡಹಂಚಿನ ಭಾರವೆಲ್ಲ ಅದರ ಮೇಲೆಯೇ. ಅಂಥ ಗೋಡೆಗೆ ಅಡ್ಡಡ್ಡಲಾಗಿ ಕಾಲುವೆ ಕೊರೆದರೆ ಅಂಚು ಉದುರುತ್ತ ಹೋಗುತ್ತದೆ; ಮತ್ತೆ ಮೆತ್ತಿದ ಸಿಮೆಂಟು ಮಣ್ಣಿಗೆ ಕಚ್ಚುವುದಿಲ್ಲ, ಒಂದೆರಡು ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ. ಮಣ್ಣಿನಲ್ಲಿ ಹುದುಗಿದ ರೀಪಿಗೆ ಗೆದ್ದಲು, ರಬ್ಬರಿಗೆ ಇಲಿ. ಹೊರಗಿನ ತಂತಿಯಾದರೆ ಎಲ್ಲಿ ಸವೆದಿದೆ, ಎಲ್ಲಿ ಕಡಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹಳೆಯ ವೈರ್‌ಮನ್‌ಗಳು ಗೋಡೆಯಲ್ಲಿ ಅಲ್ಲಲ್ಲಿ ಮರದ ಬೆಣೆ ಬಡಿದು, ಆ ಬೆಣೆಗಷ್ಟೇ ಮೊಳೆ ಹೊಡೆಯುತ್ತಿದ್ದರು. ಗೋಡೆಗೆ ಆಗುವ ಗಾಯವನ್ನು ಅತಿ ಕಡಿಮೆ ಮಾಡುವ ಈ ಕ್ರಮವನ್ನು ಹಿಂದುಳಿದದ್ದೆಂದು ತಳ್ಳಿಹಾಕುವಂತಿಲ್ಲ. ಮಣ್ಣಿನ ಗೋಡೆಗೆ ಅದಕ್ಕಿಂತ ಒಳ್ಳೆಯ ಮರ್ಯಾದೆ ಇನ್ನೊಂದಿಲ್ಲ.

ಮನೆಯೊಳಗೆ ದೀಪದ ತಂತಿ ಇಷ್ಟು ನಿಧಾನವಾಗಿ ಬರುತ್ತಿದ್ದಾಗಲೇ ಸ್ಪೀಕರ್ ತಂತಿ ಊರ ಹೊರಗಿನ ಬಯಲಿನಲ್ಲಿ ಕಾಣಿಸಿಕೊಂಡಿತ್ತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಮಾತಾಡುವ ಸಿನಿಮಾವನ್ನು ಸಣ್ಣ ಊರುಗಳಿಗೆ ಮುಟ್ಟಿಸಿದವು ಟೂರಿಂಗ್ ಟಾಕೀಸುಗಳು, ಅಂದರೆ ಟೆಂಟ್ ಸಿನಿಮಾಗಳು. ಪ್ರೊಜೆಕ್ಟರ್ ಕ್ಯಾಬಿನ್ ಡೇರೆಯ ಒಂದು ತುದಿ, ಪರದೆ ಇನ್ನೊಂದು ತುದಿ. ಫಿಲ್ಮಿನ ಅಂಚಿನ ಧ್ವನಿಪಟ್ಟಿಯನ್ನು ಬೆಳಕಿನಿಂದ ಓದಿ, ಆಂಪ್ಲಿಫೈಯರ್‌ನಲ್ಲಿ ಹಿಗ್ಗಿಸುವುದು ಕ್ಯಾಬಿನ್ನಿನಲ್ಲಿ. ಸ್ಪೀಕರ್ ಇರಬೇಕಾದದ್ದು ಪರದೆಯ ಹಿಂದೆ, ಮಾತು ಪಾತ್ರದ ಬಾಯಿಂದಲೇ ಬಂದಂತೆ ಕೇಳಲು. ಹಾಗಾಗಿ ಡೇರೆಯ ಉದ್ದಕ್ಕೂ ಒಂದು ತಂತಿ ಹಾಯಲೇಬೇಕಿತ್ತು. ನೆಲದಲ್ಲಿ ಕೂತ ನೂರಾರು ಜನರ ಕಾಲಿಗೆ ಅದು ಸಿಕ್ಕಬಾರದು. ಊರು ಬಿಡುವಾಗ ಮೊಳೆ ಕಿತ್ತು, ಸುತ್ತಿಕೊಂಡು ಗಾಡಿಗೆ ಹಾಕಲೂ ಬರಬೇಕು. ಪಕ್ಕದ ಗೂಟಗಳ ಆಸರೆಯಲ್ಲಿ ತಲೆಯೆತ್ತರಕ್ಕೆ ತೂಗುಹಾಕುವುದೋ ಮರಳಿನಡಿ ಹೂಳುವುದೋ, ಎರಡರಲ್ಲೊಂದು ದಾರಿ. ಕ್ಯಾಬಿನ್ನಿನೊಳಗೆ ಕಟ್ಟುನಿಟ್ಟು ಹೆಚ್ಚು. 1950ರ ಆಸುಪಾಸಿನವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಒಂದು ಕಿಡಿಗೆ ಭಗ್ಗೆಂದು ಹೊತ್ತಿಕೊಳ್ಳುವಂಥದು. ಇಲ್ಲಿ ತಂತಿಯನ್ನು ಮರೆಮಾಡುವುದಕ್ಕೆ ಅಂದದ ಪ್ರಶ್ನೆಯೇ ಇರಲಿಲ್ಲ, ಜೀವದ ಪ್ರಶ್ನೆಯಿತ್ತು.

ಈ ಸೀಮೆಯ ಜನರಿಗೆ ಸಿನಿಮಾ ಎಂದರೆ ನೋಡುವಷ್ಟೇ ಕೇಳುವುದೂ ಹೌದು. ಇರುಳಿಡೀ ಮಂಟೇಸ್ವಾಮಿ, ಮಾದಪ್ಪನ ಕಾವ್ಯ ಹಾಡುವ ನೀಲಗಾರರ, ದೇವರಗುಡ್ಡರ ದನಿಗೆ ಕಿವಿ ಹದಗೊಂಡ ನಾಡು ಇದು. ಡಾ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಈಗ ತಮಿಳುನಾಡಿನಲ್ಲಿದ್ದರೂ ಚಾಮರಾಜನಗರದ ನೆರೆಯ ತಾಳವಾಡಿ ಸೀಮೆಯ ಹಳ್ಳಿ. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲುಗೊಂಡು ಅವರ ಮಾತಿನ ಸ್ಪಷ್ಟತೆಯನ್ನು ಜನ ಕಿವಿಯಲ್ಲಿಟ್ಟುಕೊಂಡರು. ಇಂದಿನ ಹೋಂ ಥಿಯೇಟರ್‌ನಲ್ಲಿ ಸಂಭಾಷಣೆಯ ಹೊಣೆ ಹೆಚ್ಚಾಗಿ ನಡುವಿನ ಸ್ಪೀಕರಿನದು. ಟೆಂಟಿನ ಪರದೆಯ ಹಿಂದಿದ್ದ ಸ್ಪೀಕರಿನ ನೇರ ವಾರಸುದಾರ ಅದೇ.

ಮೈಕ್ ಸೆಟ್ಟಿನವರು ಕಲಿತ ಪಾಠ ಇನ್ನೊಂದು ಬಗೆಯದು. ಮದುವೆ, ಜಾತ್ರೆ, ನಾಟಕಗಳಿಗೆ ತೆಂಗಿನಮರಕ್ಕೋ ಲೈಟು ಕಂಬಕ್ಕೋ ಹಾರ್ನ್ ಕಟ್ಟಿ, ನೂರಾರು ಅಡಿ ತಂತಿ ಎಳೆಯಬೇಕು. 100 ವ್ಯಾಟ್ ಶಕ್ತಿಯನ್ನು 8 ಓಮಿನ ಸ್ಪೀಕರಿಗೆ ನೇರ ಕಳಿಸಿದರೆ ತಂತಿಯಲ್ಲಿ ಹರಿಯುವ ವಿದ್ಯುತ್ತು ಸುಮಾರು ಮೂರೂವರೆ ಆಂಪಿಯರ್. ಅದೇ ಶಕ್ತಿಯನ್ನು 100 ವೋಲ್ಟಿಗೆ ಏರಿಸಿ ಕಳಿಸಿ, ಹಾರ್ನಿನ ಬಳಿ ಪುಟ್ಟ ಟ್ರಾನ್ಸ್‌ಫಾರ್ಮರ್‌ನಿಂದ ಇಳಿಸಿಕೊಂಡರೆ ಹರಿಯುವುದು ಒಂದೇ ಆಂಪಿಯರ್. ತಂತಿಯಲ್ಲಿ ಸೋರಿಹೋಗುವ ಶಕ್ತಿ ಹನ್ನೆರಡು ಪಟ್ಟು ತಗ್ಗುತ್ತದೆ, ಸಪೂರ ತಂತಿಯೇ ಸಾಕಾಗುತ್ತದೆ. ಶಿವನಸಮುದ್ರದ ವಿದ್ಯುತ್ತನ್ನು ಭಾರಿ ವೋಲ್ಟೇಜಿಗೆ ಏರಿಸಿ ಕೋಲಾರಕ್ಕೆ ಕಳಿಸಿದ ಹಿಂದಿನ ತತ್ವವೂ ಇದೇ. ಮನೆಯ ಹೋಂ ಥಿಯೇಟರ್ ಮಾತ್ರ ಈ ತತ್ವವನ್ನು ಬಳಸುವುದಿಲ್ಲ. ಅಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ದೂರ ಹೆಚ್ಚಿದಂತೆ ತಂತಿಯೇ ದಪ್ಪವಾಗಬೇಕು. ಮೈಕ್ ಸೆಟ್ಟಿನ ಅಭ್ಯಾಸದಲ್ಲಿ ಸಪೂರ ತಂತಿಯನ್ನೇ ಮನೆಯ ಗೋಡೆಗೂ ಹೂತರೆ ಹಿಂದಿನ ಸ್ಪೀಕರುಗಳ ದನಿ ಸೊರಗುವುದು ಇದರಿಂದ.

ರೇಡಿಯೋ, ಟೇಪ್ ರೆಕಾರ್ಡರುಗಳ ಕಾಲದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ; ಅವುಗಳ ಸ್ಪೀಕರು ಪೆಟ್ಟಿಗೆಯೊಳಗೇ ಇತ್ತು. ದೂರದರ್ಶನದ ಬೆಂಗಳೂರು ಕೇಂದ್ರ 1981ರಲ್ಲಿ ಆರಂಭವಾದ ಮೇಲೆ ಮಾಳಿಗೆಯ ಆಂಟೆನಾದಿಂದ ಒಂದು ಚಪ್ಪಟೆ ತಂತಿ ಕಿಟಕಿ ತೂರಿ ಒಳಗೆ ಬಂತು. 1990ರ ದಶಕದಲ್ಲಿ ಕೇಬಲ್ ಟಿವಿಯ ಕರಿ ತಂತಿ ಮನೆಯಿಂದ ಮನೆಗೆ ಹಾರಿತು. ನಡುಮನೆಯಲ್ಲಿ ತಂತಿಗಳ ಗೋಜಲು ಹುಟ್ಟಿಕೊಂಡದ್ದು ಆಗ. ಅದನ್ನು ಮರೆಮಾಡಬೇಕು ಎಂಬ ಬಯಕೆ ಮೂಡಿದ್ದೂ ಆಗಲೇ.

ಅಷ್ಟರಲ್ಲಿ ಮನೆಯೇ ಬದಲಾಗಿತ್ತು. ಹಂಚಿನ ಮನೆಯ ಜಾಗದಲ್ಲಿ ಇಟ್ಟಿಗೆ, ಸಿಮೆಂಟಿನ ತಾರಸಿ ಮನೆ ಎದ್ದಿತು. ರಬ್ಬರ್ ತಂತಿಯ ಬದಲು ಪಿವಿಸಿ ತಂತಿ, ರೀಪಿನ ಬದಲು ಪಿವಿಸಿ ಪೈಪು ಬಂದವು. ಮೋಲ್ಡ್ ಹಾಕುವ ಮುಂಚೆ ಕಂಬಿಯ ನಡುವೆ ಪೈಪು ಮಲಗಿಸಿ, ಗೋಡೆ ಕಟ್ಟಿದ ಮೇಲೆ ಗಾಡಿ ಕೊರೆದು ಪೈಪು ಇಳಿಸಿ, ಪ್ಲಾಸ್ಟರಿಂಗ್ ಮುಗಿದ ಬಳಿಕ ಸ್ಪ್ರಿಂಗ್ ತೂರಿಸಿ ತಂತಿ ಎಳೆಯುವ ಕನ್ಸೀಲ್ಡ್ ವೈರಿಂಗ್ ರೂಢಿಯಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲಾಕೇಂದ್ರವಾಗಿ ಹೊಸ ಬಡಾವಣೆಗಳು ಏಳುವ ವೇಳೆಗೆ ಒಳಪೈಪಿನ ಕೆಲಸವೇ ಮೇಲ್ಮಟ್ಟದ್ದು, ಗೋಡೆಯ ಮೇಲಿನದು ಕಳಪೆ ಎಂಬ ಭಾವನೆ ಬೇರೂರಿತ್ತು. ಇಟ್ಟಿಗೆ ಗೋಡೆಗೆ ಒಳಪೈಪು ಖಂಡಿತ ಒಪ್ಪುತ್ತದೆ. ಎಲ್ಲ ಗೋಡೆಗೂ ಅದನ್ನೇ ಹೊಂದಿಸಹೊರಟದ್ದರಿಂದ ಹಳೆಯ ಮಣ್ಣಿನ ಗೋಡೆಗಳು ಬಿರುಕು ಬಿಟ್ಟವು.

ಸಿನಿಮಾ ಮಂದಿರಕ್ಕೆ 1992ರಲ್ಲಿ ಡಾಲ್ಬಿ ಡಿಜಿಟಲ್, ಮರುವರ್ಷ ಡಿಟಿಎಸ್ ಎಂಬ ಬಹುದನಿ ವ್ಯವಸ್ಥೆಗಳು ಬಂದವು. 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿ ಆ ಬಹುದನಿಯನ್ನು ಮನೆಗೆ ತಂದಿತು. ಇಲ್ಲಿಯವರು ಮೈಸೂರಿನ ಅಂಗಡಿಗಳಿಂದ 5.1 ಸೆಟ್ ತಂದು ಬಿಚ್ಚಿದಾಗ ಎದುರಾದದ್ದು ಒಂದೇ ಪ್ರಶ್ನೆ: ಬಣ್ಣ ಬಳಿದು ಮುಗಿದ ಮನೆಯಲ್ಲಿ ಹಿಂದಿನ ಸ್ಪೀಕರಿನ ತಂತಿ ಎಲ್ಲಿಂದ? ದೀಪದ ತಂತಿಯ ಪೈಪಿನಲ್ಲೇ ಅದನ್ನೂ ತೂರಿಸುವುದು ಸುಲಭವಾಗಿ ಹೊಳೆಯುವ ಉಪಾಯ, ಮತ್ತು ಎಲ್ಲಕ್ಕಿಂತ ಕೆಟ್ಟದ್ದು. ಎಳೆಯುವಾಗ ಹೊದಿಕೆ ತರಚಿದರೆ 230 ವೋಲ್ಟು ಮಕ್ಕಳ ಕೈಗೆಟಕುವ ಸ್ಪೀಕರಿನ ತುದಿಗೆ ಬರಬಲ್ಲದು. ಸಬ್‌ವೂಫರ್‌ಗೆ ಹೋಗುವ ತಂತಿಯಲ್ಲಿರುವುದು ಇನ್ನೂ ಹಿಗ್ಗಿಸದ ದುರ್ಬಲ ಸಂಕೇತ. ಮೇನ್ಸ್ ತಂತಿಗೆ ಒತ್ತಿ ಓಡಿದರೆ 50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ ಅದಕ್ಕೆ ಅಂಟಿಕೊಳ್ಳುತ್ತದೆ. ಎರಡಕ್ಕೂ ನಡುವೆ ಒಂದಡಿ ಅಂತರವಿರಬೇಕು. ದಾಟಲೇಬೇಕಾದಲ್ಲಿ ನೇರ ಅಡ್ಡಲಾಗಿ ದಾಟಬೇಕು.

ಮುಗಿದ ಮನೆಗಳಲ್ಲಿ ಕೈಹಿಡಿದದ್ದು ಹಳೆಯ ಕೇಸಿಂಗೇ, ತೇಗದ ಬದಲು ಪ್ಲಾಸ್ಟಿಕ್ಕಿನಲ್ಲಿ. ಬಿಳಿ ಪಟ್ಟಿಯನ್ನು ನೆಲದಂಚಿನ ಸ್ಕರ್ಟಿಂಗ್ ಮೇಲೆ ಓಡಿಸಿ, ಬಾಗಿಲ ಚೌಕಟ್ಟಿನ ಗುಂಟ ಹತ್ತಿಸಿ ಇಳಿಸಿ, ಗೋಡೆಯದೇ ಬಣ್ಣ ಬಳಿದರೆ ಅದು ಅಲ್ಲಿದೆಯೆಂಬುದೇ ಮರೆತುಹೋಗುತ್ತದೆ. ಹಂಚಿನ ಮನೆಯಾದರೆ ತೊಲೆಯ ಮೇಲಂಚು ಇನ್ನೂ ಒಳ್ಳೆಯ ದಾರಿ. ಗೋಡೆಯನ್ನು ಮುಟ್ಟದೆ, ಅಟ್ಟದ ಮೇಲಿಂದ ಸಾಗಿಸಿ, ಹಿಂದಿನ ಮೂಲೆಯಲ್ಲಿ ಇಳಿಸಬಹುದು. ಸೈಜುಗಲ್ಲಿನ ಗೋಡೆಗೂ ಕೇಸಿಂಗೇ ಸರಿ.

ತಂತಿಯ ದಪ್ಪದ ಲೆಕ್ಕ ಹೀಗೆ: 15 ಮೀಟರ್ ದೂರಕ್ಕೆ ಹೋಗಿ ಬರುವ ತಾಮ್ರ 30 ಮೀಟರ್. 1 ಚದರ ಮಿಲಿಮೀಟರಿನ ತಂತಿಯಾದರೆ ಅರ್ಧ ಓಮಿಗೂ ತುಸು ಹೆಚ್ಚು ತಡೆ, 2.5 ಚದರ ಮಿಲಿಮೀಟರಿನದಾದರೆ ಸುಮಾರು 0.2 ಓಮ್. 8 ಓಮಿನ ಸ್ಪೀಕರಿಗೆ ಮೊದಲನೆಯದು ಕೊರತೆ, ಎರಡನೆಯದು ಧಾರಾಳ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ತಂತಿ ಅಗ್ಗವಾದರೂ ತಡೆ ಹೆಚ್ಚು. ಒಮ್ಮೆ ಹೂತ ಮೇಲೆ ಬದಲಿಸಲಾಗದ ಜಾಗಕ್ಕೆ ಅದು ತಕ್ಕುದಲ್ಲ.

2014ರಲ್ಲಿ ಮನೆಗೂ ಬಂದ ಡಾಲ್ಬಿ ಅಟ್ಮಾಸ್ ಧ್ವನಿವ್ಯವಸ್ಥೆ ಸೂರಿನಲ್ಲೂ ಸ್ಪೀಕರ್ ಕೇಳುತ್ತದೆ. ಫಾಲ್ಸ್ ಸೀಲಿಂಗ್ ಇದ್ದಲ್ಲಿ ಆ ತಂತಿಗಳು ಅದರ ಮೇಲೆ ಅಡಗುತ್ತವೆ. ತಂತಿಯಿಲ್ಲದ ಸ್ಪೀಕರುಗಳು ಗೋಡೆ ಕೊರೆಯುವುದನ್ನು ತಪ್ಪಿಸಿವೆ; ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಕರೆಂಟಿನ ಪ್ಲಗ್ಗು ಬೇಕು, ಆದ್ದರಿಂದ ತಂತಿಯ ತೊಡಕು ಮುಗಿದಿಲ್ಲ, ಬೇರೆ ತಂತಿಗೆ ವರ್ಗವಾಗಿದೆ.

ಹೊಸದಾಗಿ ಮನೆ ಕಟ್ಟುವವರು ಪ್ಲಾಸ್ಟರಿಂಗಿಗೆ ಮುಂಚೆ ಟಿವಿ ಬರುವ ಗೋಡೆಯಿಂದ ಹಿಂದಿನ ಎರಡು ಮೂಲೆಗೂ ಒಂದಿಂಚಿನ ಖಾಲಿ ಪೈಪು ಹಾಕಿಸಿಕೊಳ್ಳಲಿ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ. ಪ್ರೊಜೆಕ್ಟರಿನ ಎಚ್‌ಡಿಎಂಐ ತಂತಿಯ ತಲೆ ಸಲೀಸಾಗಿ ತೂರಲು ಎರಡಿಂಚಿನದಿದ್ದರೆ ಒಳ್ಳೆಯದು. ಪೈಪಿನೊಳಗೆ ಒಂದು ನೈಲಾನ್ ದಾರ ಬಿಟ್ಟಿರಲಿ. ಗೋಡೆ ಮುಚ್ಚುವ ಮುನ್ನ ಪೈಪು ಹೋದ ದಾರಿಯನ್ನು ಅಳತೆಯ ಟೇಪು ಹಿಡಿದು ಫೋಟೊ ತೆಗೆದಿಡಲಿ. ಮಣ್ಣಿನ ಗೋಡೆಯ ಹಳೆಯ ಮನೆ ಉಳಿಸಿಕೊಂಡವರು ಮಾತ್ರ ಗೋಡೆಗೆ ಉಳಿ ತಾಗಿಸದಿರಲಿ.