ಕಾಂಡಕೋಶ ಕಸಿ ಮತ್ತು ಸ್ಕ್ಯಾನಿಂಗ್

ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾದಂಥ ರೋಗಗಳಲ್ಲಿ ಕೆಟ್ಟ ಅಸ್ಥಿಮಜ್ಜೆಯ ಜಾಗಕ್ಕೆ ಆರೋಗ್ಯವಂತ ಕಾಂಡಕೋಶಗಳನ್ನು ರಕ್ತನಾಳದ ಮೂಲಕ ಸೇರಿಸುವ ಚಿಕಿತ್ಸೆಯೇ ಕಾಂಡಕೋಶ ಕಸಿ. ಅಮೆರಿಕದ ಡೊನಾಲ್ ಥಾಮಸ್ ತಮ್ಮ ಮೊದಲ ಪ್ರಯೋಗಗಳನ್ನು 1957ರಲ್ಲಿ ಪ್ರಕಟಿಸಿದರು; 1990ರಲ್ಲಿ ನೊಬೆಲ್ ಪಡೆದರು. ಭಾರತದ ಮೊದಲ ಕಸಿ 1983ರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ನಡೆಯಿತು. ವೆಲ್ಲೂರಿನ ಸಿಎಂಸಿಯಲ್ಲಿ 1986ರಲ್ಲಿ ಆರಂಭವಾಯಿತು.

ಕಸಿಯಾದ ಮೊದಲ ಎರಡು ಮೂರು ವಾರ ರೋಗಿಯ ದೇಹದಲ್ಲಿ ಬಿಳಿ ರಕ್ತಕಣಗಳು ಇಲ್ಲವೆನ್ನುವಷ್ಟು ಕಡಿಮೆ. ಕಫ, ಕೀವು ಕಟ್ಟುವುದಕ್ಕೂ ಆ ಕಣಗಳೇ ಬೇಕು. ಹಾಗಾಗಿ ಶ್ವಾಸಕೋಶದಲ್ಲಿ ಶಿಲೀಂಧ್ರ ಬೇರೂರಿದ್ದರೂ ಎಷ್ಟೋ ಸಲ ಎಕ್ಸ್‌ರೇಯಲ್ಲಿ ಏನೂ ಕಾಣದು, ಜ್ವರವೊಂದೇ ಸುಳಿವು. 1971ರಲ್ಲಿ ಬ್ರಿಟಿಷ್ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಯಂತ್ರದಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ತೆಗೆದ ಮೇಲೆ ಈ ಕುರುಡು ನೀಗತೊಡಗಿತು. ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರ ರಕ್ತನಾಳವನ್ನು ಕೊರೆದಾಗ ಸುತ್ತಲೂ ರಕ್ತ ಒಸರುತ್ತದೆ, ಸಿ.ಟಿ.ಯಲ್ಲಿ ಅದು ಗಂಟಿನ ಸುತ್ತ ಮಸುಕು ಬಳೆಯಾಗಿ ಕಾಣುತ್ತದೆ. 1985ರಲ್ಲಿ ಅಮೆರಿಕದ ವೈದ್ಯರು ಲ್ಯುಕೇಮಿಯಾ ರೋಗಿಗಳಲ್ಲಿ ಈ ಗುರುತನ್ನು ವಿವರಿಸಿದರು. ಪ್ರಯೋಗಾಲಯದ ವರದಿಗೆ ಕಾಯದೆ ಔಷಧ ಶುರುಮಾಡಲು ಅದರಿಂದ ಧೈರ್ಯ ಬಂತು. ಕಸಿ ರೋಗಿಗಳ ಸ್ಕ್ಯಾನಿಂಗ್ ಇತಿಹಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ತಿರುವಿಲ್ಲ.

ಉಳಿದ ಸ್ಕ್ಯಾನ್‌ಗಳಿಗೂ ಅವುಗಳದೇ ಕೆಲಸವಿದೆ. ಕಸಿಗೆ ಮುನ್ನ ಹೃದಯದ ಎಕೋ, ಲಿಂಫೋಮಾಕ್ಕೆ ಪೆಟ್, ಯಕೃತ್ತಿನ ರಕ್ತನಾಳ ಕಟ್ಟಿಕೊಂಡರೆ ಡಾಪ್ಲರ್. ಥಲಸ್ಸೇಮಿಯಾ ಮಕ್ಕಳ ಹೃದಯದಲ್ಲಿ ಸೇರಿದ ಕಬ್ಬಿಣಾಂಶವನ್ನು ಎಂಆರ್‌ಐಯಿಂದ ಅಳೆಯುವ ಕ್ರಮ 2001ರ ನಂತರ ಬಳಕೆಗೆ ಬಂತು.

ಆದರೆ ಇಂಥ ಚಿಕಿತ್ಸೆ ಉತ್ತರ ಕನ್ನಡ ಜಿಲ್ಲೆಯ ಕರಾವಳಿಗೆ ದೂರ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಕಸಿ ಕೇಂದ್ರವಿಲ್ಲ. ದೊಡ್ಡ ಕಾಯಿಲೆಯೆಂದರೆ ಮಣಿಪಾಲ, ಮಂಗಳೂರು, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ., ಕುಮಟಾದಿಂದ 150ರ ಆಸುಪಾಸು. ಈ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಜನ ಸಾಮಾಜಿಕ ಜಾಲತಾಣದಲ್ಲಿ ದನಿಯೆತ್ತಿದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಮಗುಚಿ ನಾಲ್ವರು ತೀರಿಕೊಂಡಾಗ ಆ ಕೂಗು ಮತ್ತೆ ಜೋರಾಯಿತು. ಬೇಡಿಕೆ ನ್ಯಾಯವಾದದ್ದು.

ಕಸಿ ಮುಗಿಸಿ ಊರಿಗೆ ಮರಳಿದವರಿಗೆ ತಿಂಗಳುಗಳ ನಂತರವೂ ಸೋಂಕು ತಗುಲಬಹುದು. ಹೊಸ ಚಿತ್ರವನ್ನು ಹಳೆಯದರೊಂದಿಗೆ ಹೋಲಿಸಿದರೆ ಮಾತ್ರ ವೈದ್ಯರಿಗೆ ಯಾವ ಕಲೆ ಹೊಸದೆಂದು ಗೊತ್ತಾಗುತ್ತದೆ. ಹಳೆಯ ಸಿ.ಟಿ.ಯ ಸಿ.ಡಿ. ಮತ್ತು ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ. ಜ್ವರ ಬಂದರೆ, ಎಕ್ಸ್‌ರೇ ಸರಿಯಿದೆಯೆಂದು ಸುಮ್ಮನಾಗದೆ ಅಂದೇ ಕಸಿ ಕೇಂದ್ರದ ವೈದ್ಯರಿಗೆ ತಿಳಿಸಿ.