ಬಳ್ಳಾರಿ ಸೀಮೆಯಲ್ಲಿ ವಿದೇಶಿ ಪ್ರವಾಸಿಗರು

ಹೊರದೇಶದವರು ಬಳ್ಳಾರಿ ಸೀಮೆಗೆ ಬಂದು, ಊರು ನೋಡಿ, ಇಲ್ಲಿನ ಅನ್ನ ಉಂಡು, ಕಂಡದ್ದನ್ನು ಬರೆದಿಟ್ಟ ಇತಿಹಾಸ ಸುಮಾರು 600 ವರ್ಷಗಳದು. ಮೊದಮೊದಲು ಬಂದವರಿಗೆ ವಿಜಯನಗರವೊಂದೇ ಕಣ್ಣಿಗೆ ಬಿತ್ತು. 1800ರ ನಂತರ ಬಂದವರು ಹೆಚ್ಚಾಗಿ ನೌಕರಿಯ ಮೇಲೆ ಬಂದವರು. ಬಳ್ಳಾರಿಯ ಸುತ್ತಲಿನ ಗುಡ್ಡಗಳು ಹೊರಜಗತ್ತಿಗೆ ಗೊತ್ತಾದದ್ದು ಬಹುಪಾಲು ಅವರಿಂದ. ಆ ವಿಜಯನಗರವಿದ್ದ ಹಂಪಿ 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಅದಕ್ಕೆ ಮೊದಲು ಅದು ಬಳ್ಳಾರಿ ಜಿಲ್ಲೆಯದೇ ಊರು.

1420ರ ಸುಮಾರಿಗೆ ವಿಜಯನಗರಕ್ಕೆ ಬಂದ ವೆನಿಸ್ ಕಡೆಯ ವರ್ತಕ ನಿಕೊಲೊ ಕಾಂಟಿ, ಊರಿಗೆ ಮರಳಿದ ಮೇಲೆ ತನ್ನ ಅನುಭವವನ್ನು ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿಗೆ ಹೇಳಿ ಬರೆಸಿದ. ನಗರದ ಸುತ್ತಳತೆ 60 ಮೈಲಿ ಎಂದು ಅವನ ಲೆಕ್ಕ. ದೀಪ ಹಚ್ಚುವ ಹಬ್ಬವನ್ನೂ ದಾರಿಹೋಕರ ಮೇಲೆ ಬಣ್ಣದ ನೀರು ಎರಚುವ ಹಬ್ಬವನ್ನೂ ಅವನು ಹೆಸರಿಸದೆಯೇ ಬಣ್ಣಿಸಿದ್ದಾನೆ. ಓದಿದವರಿಗೆ ದೀಪಾವಳಿ, ಹೋಳಿ ಎಂದು ತಿಳಿಯಲು ಕಷ್ಟವಿಲ್ಲ.

ಹೆರಾತಿನ ಷಾರುಖ್ ದೊರೆಯ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಕಲ್ಲಿಕೋಟೆಯ ಮೂಲಕ ಇಲ್ಲಿಗೆ ಬಂದ. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ಏಳು ಸುತ್ತಿನ ಕೋಟೆ, ಮಹಾನವಮಿಯ ಆನೆಗಳು ಇವೆಲ್ಲದರ ಜೊತೆಗೆ ತನಗೆ ಸಿಗುತ್ತಿದ್ದ ಪಡಿಯನ್ನೂ ಅವನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದಾನೆ: ದಿನಕ್ಕೆ 2 ಕುರಿ, 4 ಜೋಡಿ ಕೋಳಿ, 5 ಮಣ ಅಕ್ಕಿ, 1 ಮಣ ಬೆಣ್ಣೆ, 1 ಮಣ ಸಕ್ಕರೆ, ಮೇಲೆ 2 ಚಿನ್ನದ ವರಹ. ವೀಳ್ಯದೆಲೆಗೆ ಅವನು ಮಾರುಹೋಗಿದ್ದ. ಎಲೆಗೆ ಸುಣ್ಣ ಸವರುವ ಬಗೆಯಿಂದ ಹಿಡಿದು ಅದು ಮುಖಕ್ಕೆ ತರುವ ಕಳೆಯವರೆಗೆ ವಿವರಿಸಿ, ಈ ದೊರೆ ಅಷ್ಟು ದೊಡ್ಡ ಅಂತಃಪುರವನ್ನು ಸಂಭಾಳಿಸುತ್ತಿರುವುದೂ ಎಲೆಯ ಮಹಿಮೆಯಿಂದಲೇ ಇರಬಹುದು ಎಂದು ಸೇರಿಸುತ್ತಾನೆ. ರಾಯಭಾರಿಯ ವರದಿಯಲ್ಲಿ ಇಂಥ ಮಾತು ಅಪರೂಪ.

ಊರು ಸುತ್ತಿ, ಬಜಾರಿನಲ್ಲಿ ನಿಂತು ನೋಡಿ ಬರೆದವನೆಂದರೆ ಪೋರ್ಚುಗೀಸ್ ದೊಮಿಂಗೊ ಪಾಯಸ್. ಅವನು ಬಂದದ್ದು ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು. ಗುಡ್ಡ ಹತ್ತಿ ನೋಡಿದರೆ ನಗರ ರೋಮ್‌ನಷ್ಟು ದೊಡ್ಡದಾಗಿ ಕಾಣುತ್ತದೆ ಎಂದ. ಜಗತ್ತಿನಲ್ಲೇ ಇಷ್ಟು ಸಮೃದ್ಧವಾದ ಊರಿಲ್ಲ ಎಂದ. ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ, ನಿಂಬೆ, ಕಿತ್ತಳೆ, ಬದನೆಕಾಯಿ ರಾಶಿ ಬಿದ್ದಿದ್ದವಂತೆ. ಒಂದು ಹಣದ ನಾಣ್ಯಕ್ಕೆ 3 ಗೊಂಚಲು ದ್ರಾಕ್ಷಿ, ಇಲ್ಲವೇ 10 ದಾಳಿಂಬೆ. ಮಹಾನವಮಿಯ ವರ್ಣನೆಗೆ ಎಲ್ಲರೂ ಅವನನ್ನು ಓದುತ್ತಾರೆ. ನನಗೆ ಈ ದರಪಟ್ಟಿಯೇ ಹೆಚ್ಚು ಬೆಲೆಯದು. ಅವನು ಹೆಸರಿಸಿದ ಜೋಳ ಈ ಕಪ್ಪುನೆಲದಲ್ಲಿ ಈಗಲೂ ಬೆಳೆಯುತ್ತದೆ. ಸಿರುಗುಪ್ಪ, ದೇಶನೂರು ಭಾಗದ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ನೀರು ಹಾಯಿಸುವ ವಿಜಯನಗರ ಕಾಲದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ.

ಹದಿನೈದು ವರ್ಷಗಳ ತರುವಾಯ ಬಂದ ಫೆರ್ನಾವೊ ನೂನಿಜ್, ಅರಸರು ದನದ ಮಾಂಸವೊಂದನ್ನು ಬಿಟ್ಟು ಕುರಿ, ಜಿಂಕೆ, ಮೊಲ, ಇಲಿ, ಬೆಕ್ಕು, ಹಲ್ಲಿ ಎಲ್ಲವನ್ನೂ ತಿನ್ನುತ್ತಿದ್ದರು ಎಂದಿದ್ದಾನೆ. ಹಲ್ಲಿ ಎಂದದ್ದು ಉಡವೇ ಇರಬೇಕು. ನಗರವನ್ನು ಹಾಳುಗೆಡವಿದ 1565ರ ಯುದ್ಧದ ಎರಡು ವರ್ಷದ ಮೇಲೆ ಬಂದ ವೆನಿಸ್‌ನ ಸೀಸರ್ ಫ್ರೆಡರಿಕ್ ಕಂಡದ್ದು ನಿಂತಿದ್ದರೂ ಬರಿದಾದ ಮನೆಗಳನ್ನು. ಅವುಗಳಲ್ಲಿ ಹುಲಿಗಳು ವಾಸವಾಗಿವೆ ಎಂದು ಬರೆದ. ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ ಅವನು ಅಲ್ಲೇ ಏಳು ತಿಂಗಳು ಕಳೆಯಬೇಕಾಯಿತು.

ಬಳ್ಳಾರಿ ಊರಿಗೆ ತಳುಕು ಹಾಕಿಕೊಂಡ ಮೊದಲ ವಿದೇಶಿಗ ಒಬ್ಬ ಹತಭಾಗ್ಯ. ಪಾಳೆಯಗಾರ ಹನುಮಪ್ಪ ನಾಯಕನ ವಂಶದವರಿಂದ ಊರಿನ ಕೋಟೆ ಹೈದರಾಲಿಯ ಕೈಸೇರಿದ ಮೇಲೆ ಅದನ್ನು ಹಿಗ್ಗಿಸಿ ಕಟ್ಟಿದವನು ಫ್ರೆಂಚ್ ಇಂಜಿನಿಯರ್. ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಾಗಿದೆ, ಅಲ್ಲಿಂದ ತೋಪು ಹಾರಿಸಿದರೆ ಕೋಟೆ ಉಳಿಯದು ಎಂದು ಕೆಲಸ ಮುಗಿದ ಮೇಲೆ ತಿಳಿದು, ಹೈದರ್ ಅವನನ್ನು ಗಲ್ಲಿಗೇರಿಸಿದನೆಂದು ಊರಿನ ಕತೆ.

1799ರಲ್ಲಿ ಹಂಪಿಯನ್ನು ಅಳೆದು ನಕ್ಷೆ ಮಾಡಿಸಿದವನು ಕಾಲಿನ್ ಮೆಕೆಂಜಿ. ಮರುವರ್ಷ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೊ ಕಲೆಕ್ಟರನಾಗಿ ಬಂದ. ಅಲ್ಲಿಂದ ಸಾಹೇಬರ ಕಣ್ಣು ಅರಮನೆ ಬಿಟ್ಟು ಬೂದಿಯ ಮೇಲೆ ಬಿತ್ತು. ಕುಡಿತಿನಿಯ ಹತ್ತಿರದ ಬೂದಿದಿಬ್ಬದಂಥ ದಿಬ್ಬಗಳ ಬಗ್ಗೆ ಕ್ಯಾಪ್ಟನ್ ನ್ಯೂಬೋಲ್ಡ್ 1843ರಲ್ಲೇ ಲೇಖನ ಪ್ರಕಟಿಸಿದ. ಅದು ರಾಕ್ಷಸನನ್ನು ಸುಟ್ಟ ಬೂದಿ ಎಂದು ಜನ ನಂಬಿದ್ದರು. ವಾಸ್ತವದಲ್ಲಿ ಅದು ನವಶಿಲಾಯುಗದ ದನಗಾಹಿಗಳ ಹಟ್ಟಿಯ ಸಗಣಿ ಉರಿದು ಆದ ಬೂದಿ. ಪುರಾತತ್ವಜ್ಞ ಫ್ರಾಂಕ್ ಆಲ್ಚಿನ್ ಉಟ್ನೂರಿನ ಅಗೆತದಿಂದ ಇದನ್ನು ಸ್ಥಾಪಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಕಲ್ಲುಕೊಡಲಿಗಳ ನೆಲೆಯನ್ನು ಗುರುತಿಸಿದ. 1892ರಲ್ಲಿ ಹ್ಯೂಬರ್ಟ್ ನಾಕ್ಸ್ ಕಪ್ಪಗಲ್ಲಿನ ಗುಡ್ಡದಲ್ಲಿ ಕುಟ್ಟುಚಿತ್ರಗಳನ್ನು ಕಂಡ. ಉದ್ದ ಕೊಂಬಿನ, ಇಣಿಯುಳ್ಳ ಗೂಳಿಗಳವು. ಅಲ್ಲಿನ ಕೆಲವು ಕರಿಬಂಡೆಗಳನ್ನು ಸಣ್ಣ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಬಡಿದು ಬಡಿದು ಗುಳಿ ಬಿದ್ದ ಜಾಗಗಳೂ ಇವೆ. ಈ ಬಗ್ಗೆ ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ಬರೆದ ಮೇಲೆ ಗುಡ್ಡದ ಹೆಸರು ಮತ್ತೆ ಹೊರದೇಶಗಳಿಗೆ ಮುಟ್ಟಿತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ನೆಲೆಯನ್ನು 1963–64ರಲ್ಲಿ ಅಗೆದವರು ಮಾತ್ರ ನಮ್ಮವರೇ ಆದ ಎಂ. ಎಸ್. ನಾಗರಾಜರಾವ್.

ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿಗೆ ಹೊರದೇಶದವರ ಕಣ್ಣಿಗೆ ಬೀಳುವ ಭಾಗ್ಯವೂ ಕಡಿಮೆ. ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ನಂದಿ, ಬೆಟ್ಟದ ಬುಡದ ಚಾಲುಕ್ಯ ಶೈಲಿಯ ಗುಡಿಗಳು ಪ್ರವಾಸಿಯ ಪಟ್ಟಿಯಲ್ಲಿ ಅಷ್ಟಾಗಿ ಇಲ್ಲ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾದ ಮೇಲೆ ವಿದೇಶಿಗರ ಓಡಾಟವೆಲ್ಲ ಹೊಸಪೇಟೆಯ ಆಚೀಚೆಯೇ. ಊಟದ ಮಾತೂ ಅಷ್ಟೇ: ಹಂಪಿಯ ಕೆಫೆಗಳಲ್ಲಿ ಅವರು ತಮ್ಮೂರಿನ ತಿಂಡಿಯನ್ನೇ ಕೇಳಿ ತಿನ್ನುತ್ತಾರೆ. ಬಳ್ಳಾರಿಯ ಬೆಳಗಿನ ಒಗ್ಗರಣೆ–ಮಿರ್ಚಿ ಅವರ ಬಾಯಿಗೆ ಬೀಳುವುದು ಅಪರೂಪ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ ಬಿಸಿಬಿಸಿ ಮಿರ್ಚಿಬಜ್ಜಿಯೊಂದಿಗೆ ಕೊಡುತ್ತಾರೆ. ಸಂಗನಕಲ್ಲಿನ ಕಲ್ಲುಕೊಡಲಿಗಳನ್ನು ನೋಡಬೇಕೆನ್ನುವವರಿಗೆ ಬಳ್ಳಾರಿ ನಗರದಲ್ಲಿ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯವಿದೆ.